ರಾಣಿಯಮ್ಮನ ಎದುರಿನ ಕುರ್ಚಿ

ಆಫ್ರಿಕಾದ ಪ್ರಾಚೀನ ರಾಣಿಯರ ಬಗ್ಗೆ ಹದಿಹರೆಯದವರಿಗಾಗಿ ಕಾದಂಬರಿ ಬರೆದೂ ಬರೆದೂ ಮನೆಯವರ ಬಾಯಲ್ಲಿ ‘ರಾಣಿಯಮ್ಮ’ ಆಗಿಬಿಟ್ಟ ಈಕೆಗೆ, ಸಿಂಹಮುಖದ ದೇವರನ್ನು ಯುದ್ಧಕ್ಕೆ ಇಳಿಸುವಾಗ ಇಲ್ಲದ ಭಯ ಒಂದು ಇಸವಿ ಬರೆಯುವಾಗ ಹುಟ್ಟುತ್ತದೆ. ಇತಿಹಾಸಕ್ಕೆ ಕಪ್ಪು ಶಾಯಿ, ದಂತಕಥೆಗೆ ಕೆಂಪು. ಎರಡೂ ಬೆರೆತ ಸಾಲು ಬಂತೋ, ಎರಡು ಪೆನ್ನೂ ಹಿಡಿದು ಗರಬಡಿದವಳಂತೆ ಕೂರುತ್ತಾಳೆ. ಬಾಗಿಲಿಗೆ ಬೆನ್ನು ಹಾಕಿ ಬರೆಯುವುದಿಲ್ಲ. ಎದುರಿನ ಕುರ್ಚಿ ಖಾಲಿ ಇದ್ದರೆ ತಾನು ಬರೆದ ಆ ಕಾಲದವರಲ್ಲಿ ಯಾರಾದರೂ ಬಂದು ಕೂತಾರೆಂದು ಅದರ ಮೇಲೆ ಪುಸ್ತಕ ಪೇರಿಸಿದ್ದಾಳೆ. ಗಂಡ ಅವನ್ನು ಎತ್ತಿಟ್ಟರೆ ಓಡಿಬಂದು ಮತ್ತೆ ಪೇರಿಸುತ್ತಾಳೆ. “ಸತ್ತು ಎರಡು ಸಾವಿರ ವರ್ಷ ಆಯ್ತು ಕಣೇ, ಈಗೇನು ಜಗಳಕ್ಕೆ ಬರ್ತಾರಾ?” ಎಂದು ಅವನು ನಕ್ಕರೆ, “ಬರೋಕಾಗಲ್ವಲ್ಲ ರೀ, ಅದೇ ಭಯ” ಎನ್ನುತ್ತಾಳೆ. ಮೊದಲ ಕಾದಂಬರಿಗೆ ಒಬ್ಬ ದ್ರೋಹಿ ಬೇಕಾಗಿದ್ದ. ಹಳೆಯ ಶಾಸನವೊಂದರಲ್ಲಿ ರಾಣಿಯ ಹೆಸರಿನ ಪಕ್ಕದಲ್ಲಿದ್ದ ಯಾರೋ ಒಬ್ಬನನ್ನು ಎಳೆತಂದು, ಅವನ ಕೈಗೆ ವಿಷದ ಬಟ್ಟಲು ಕೊಟ್ಟಳು. ಈಗ ಅಕ್ಕನ ಮಗಳು ಅವನ ಹೆಸರು ಕೇಳಿದರೇ ಹಲ್ಲು ಕಡಿಯುತ್ತಾಳೆ. “ಚಿಕ್ಕಮ್ಮ, ನಮ್ಮ ಕ್ಲಾಸಲ್ಲಿ ಯಾರಿಗೂ ಆ ಪಾಪಿನ ಕಂಡ್ರೆ ಆಗಲ್ಲ!” ಆ ಶಾಸನದ ಭಾಷೆಯೋ ಎಂದೋ ಸತ್ತುಹೋಗಿದೆ; ಅಕ್ಷರ ಕೂಡಿಸಿ ಹೆಸರು ಓದಬಹುದು, ಸಾಲುಗಳ ಅರ್ಥ ಮಾತ್ರ ಲೋಕದಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅವನ ಹೆಸರಿನ ಮುಂದೆ ಒಂದು ಸಾಲಿದೆ. ದಿನವೂ ಬರೆಯಲು ಕೂರುವ ಮುಂಚೆ ಆಕೆ ಅದನ್ನು ಗಟ್ಟಿಯಾಗಿ ಓದುತ್ತಾಳೆ. ‘ರಾಣಿಗಾಗಿ ಪ್ರಾಣ ಕೊಟ್ಟವನು’ ಎಂದಿರಬಹುದಲ್ಲ ಎಂದುಕೊಳ್ಳುತ್ತಾಳೆ, ಕುರ್ಚಿಯ ಕಡೆ ಮಾತ್ರ ಕಣ್ಣೆತ್ತುವುದಿಲ್ಲ.