ಖಸಬಿನ ಚಳಿಯಲ್ಲಿ ಒಂದು ಕೂಗು

ಮಸ್ಕತ್ತಿನ ಅಲ್ ಗುಬ್ರಾದಲ್ಲಿ ಚಳಿಗಾಲ ಬಂತೆಂದು ಗೊತ್ತಾಗುವುದು ಎಸಿ ಬಂದ್ ಮಾಡಿದಾಗ. ಅಷ್ಟಕ್ಕೇ ನನ್ನ ಮಕ್ಕಳು ಸ್ವೆಟರ್ ಏರಿಸಿಕೊಂಡು "ಇಟ್ಸ್ ಫ್ರೀಜಿಂಗ್" ಎಂದು ಮನೆಯಿಡೀ ಓಡಾಡುತ್ತವೆ. ಸೋಫಾದ ಮೂಲೆಯಲ್ಲಿ ಕೂತ ನನ್ನ ಉಮ್ಮ ಐಶಮ್ಮ ಅದನ್ನು ನೋಡಿ ನಗುತ್ತಾಳೆ. "ಶಬ್ನಂ, ಇವಕ್ಕೆ ಖಸಬಿನ ಚಳಿ ತೋರಿಸ್ಬೇಕಿತ್ತು" ಅನ್ನುತ್ತಾಳೆ. ದೊಡ್ಡ ಧೈರ್ಯಸ್ಥೆಯ ಹಾಗೆ ಮಾತು! ಅಲ್ಲಿನ ಮೊದಲ ಚಳಿಗಾಲದಲ್ಲಿ ಅವಳು ಏನು ಮಾಡಿದಳೆಂದು ನಾನು ಕಣ್ಣಾರೆ ನೋಡಿದ್ದೇನೆ.

ಖಸಬ್ ಒಮಾನಿನ ಉತ್ತರ ತುದಿಯ ಮುಸಂದಮಿನ ಬಂದರು ಊರು. ಒಂದು ಕಡೆ ಸಮುದ್ರ, ಉಳಿದ ಕಡೆಯೆಲ್ಲ ಬೋಳು ಕಲ್ಲಿನ ಗುಡ್ಡ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಬಾಪ ಅಲ್ಲಿ ದಿನಸಿ ಅಂಗಡಿ ತೆರೆದು, ಆ ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಪಾಣೆಮಂಗಳೂರಿನಿಂದ ಕರೆಸಿಕೊಂಡರು. ಡಿಸೆಂಬರ್ ಬಂದಾಗ ಕಡಲ ಗಾಳಿ ಕಿಟಕಿಯ ಸಂದಿನಿಂದ ನುಗ್ಗಿ ನೆಲಕ್ಕೆ ಕಾಲಿಡಲಾಗದಷ್ಟು ತಣ್ಣಗಾಯಿತು. ಬೆಳಿಗ್ಗೆ ಹುಲಿ ಚಿತ್ರದ ದಪ್ಪ ಕಂಬಳಿ ಹೊದ್ದು ನಾನು ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಕೂರುತ್ತಿದ್ದೆ. ಉಮ್ಮ ಪತ್ತಿರ್ ಸುಟ್ಟು ಒಂದೊಂದಾಗಿ ನನ್ನ ತಟ್ಟೆಗೆ ಹಾಕುತ್ತಿದ್ದಳು. ಆ ಬಿಸಿ ರೊಟ್ಟಿಯ ಸುಖ ಮಸ್ಕತ್ತಿನ ಯಾವ ಹೋಟೆಲಿನಲ್ಲೂ ನನಗೆ ಸಿಕ್ಕಿಲ್ಲ.

ಗುಡ್ಡದ ಜನರಲ್ಲಿ ಕೆಲವರು ಬೇಸಿಗೆಯಲ್ಲಿ ಖರ್ಜೂರದ ಕೊಯ್ಲಿಗೆ ಖಸಬಿಗೆ ಇಳಿದು, ಚಳಿಗಾಲದ ಮಳೆ ನಂಬಿ ಬಾರ್ಲಿ ಬಿತ್ತಲು ಮೇಲಿನ ಕಲ್ಲುಮನೆಗಳಿಗೆ ವಾಪಸಾಗುತ್ತಿದ್ದರು. ಗಿರಾಕಿಗಳು ಗುಡ್ಡ ಹತ್ತಿದರೆ ಅಂಗಡಿಯೂ ಹತ್ತಬೇಕಲ್ಲ! ಬಾಪ ಪಿಕಪ್ಪಿನಲ್ಲಿ ಹಿಟ್ಟು, ಅಕ್ಕಿ, ಚಹಾಪುಡಿ ತುಂಬಿಕೊಂಡು ಹೋಗುತ್ತಿದ್ದರು. ಅವರು ಹೊರಟಾಗಲೆಲ್ಲ ಉಮ್ಮ ಜಗಳ ತೆಗೆಯುತ್ತಿದ್ದಳು. ಅವಳು ಮಹಾ ಪುಕ್ಕಲಿ. ಅದು ಗೊತ್ತಾಗಬಾರದೆಂದು ಜೋರು ಮಾಡುತ್ತಿದ್ದಳು ಅಷ್ಟೇ.

ಜನವರಿಯ ಒಂದು ದಿನ ಬಾಪ ಹಾಗೆಯೇ ಹೋದ ಮೇಲೆ ಗುಡ್ಡದ ಕಡೆ ಕಪ್ಪಾಯಿತು. ಊರಿನಲ್ಲಿ ಬಿದ್ದದ್ದು ನಾಲ್ಕು ಹನಿ. ಆದರೆ ಮಧ್ಯಾಹ್ನದ ಹೊತ್ತಿಗೆ ವಾದಿ ಬಂತು. ವಾದಿ ಅಂದರೆ ವರ್ಷವಿಡೀ ಒಣಗಿ ಬಿದ್ದಿರುವ ಕಲ್ಲುಹಳ್ಳ; ಗುಡ್ಡದ ಮೇಲೆ ಮಳೆಯಾದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೊಳೆಯಾಗುತ್ತದೆ. ಉಮ್ಮ ನೇತ್ರಾವತಿಯ ದಡದವಳು, ನೆರೆ ಅವಳಿಗೆ ಹೊಸದಲ್ಲ. ಅಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಸಾಮಾನು ಕಟ್ಟಲು ಪುರುಸೊತ್ತು ಕೊಡುತ್ತದೆ. ಇಲ್ಲಿ ಹೊಳೆಯೇ ಇಲ್ಲದ ಜಾಗದಲ್ಲಿ ಹೊಳೆ ಬಂದಿತ್ತು, ಬಾಪ ವಾಪಸು ಬರುವ ದಾರಿ ಅದರೊಳಗೇ ಇತ್ತು. ಗುಡ್ಡದಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

ನಮ್ಮ ಅಂಗಡಿಯ ಜಾಗದ ಯಜಮಾನ ಅಲಿ. ಅವನ ಮನೆ ನಮ್ಮ ಗಲ್ಲಿಯ ಕೊನೆಗೆ, ವಾದಿಯ ಪಕ್ಕದಲ್ಲಿತ್ತು. ಅವನು ನಾಲ್ಕು ಜನರನ್ನು ಕರೆದುಕೊಂಡು ಹುಡುಕಲು ಹೋದ. ಉಮ್ಮ ಬಾಗಿಲಿಗೂ ಕಿಟಕಿಗೂ ಓಡಾಡುತ್ತ ಬಾಪನಿಗೆ ಬಯ್ಯುತ್ತಿದ್ದಳು. ಆಮೇಲೆ ಬಯ್ಯುವುದನ್ನೂ ನಿಲ್ಲಿಸಿ ನಮಾಜಿನ ಚಾಪೆಯ ಮೇಲೆ ಕೂತುಬಿಟ್ಟಳು. ನನಗೆ ನಿಜವಾಗಿ ಭಯವಾದದ್ದು ಆಗ.

ಸಂಜೆಯ ಬೆಳಕು ಇನ್ನೂ ಇತ್ತು. ಗಲ್ಲಿಯ ಕೊನೆಯಿಂದ ಒಬ್ಬ ಗಂಡಸಿನ ಉದ್ದನೆಯ ಕೂಗು ಕೇಳಿಸಿತು. ಅದರ ಬೆನ್ನಿಗೇ ಹತ್ತಾರು ಗಂಡಸರು ಎದೆಯಿಂದ ಒಟ್ಟಿಗೆ ಅಬ್ಬರಿಸಿದರು. ಮತ್ತೆ ಕೂಗು, ಮತ್ತೆ ಅಬ್ಬರ. ನಾವು ಹುಟ್ಟಿದ ಮೇಲೆ ಅಂಥದ್ದನ್ನು ಕೇಳಿರಲಿಲ್ಲ.

"ತಂದ್ರು" ಅಂದಳು ಉಮ್ಮ. "ಅವರನ್ನು ತಂದ್ರು ಶಬ್ನಂ. ಗಂಡಸರು ಹೀಗೆ ಅಳ್ಬೇಕಾದ್ರೆ ಮತ್ತೆಂಥ?"

ನನ್ನ ರಟ್ಟೆ ಹಿಡಿದುಕೊಂಡು ಬರಿಗಾಲಲ್ಲೇ ಓಡಿದಳು. ಅಲಿಯ ಹೆಂಡತಿ ಸೌದ ತನ್ನ ಮನೆಯ ಗೇಟಿನ ಹತ್ತಿರ ಎದುರಾದಳು. ಅವಳ ಕೈಯಲ್ಲಿ ಮುಚ್ಚಿದ ಅನ್ನದ ತಟ್ಟೆ. ನಮ್ಮ ಮನೆಗೇ ಹೊರಟಿದ್ದಳು. ಸಾವಿನ ಮನೆಗೆ ನೆರೆಯವರು ಊಟ ಕೊಡುವುದು ನಮ್ಮೂರ ಪದ್ಧತಿ. ತಟ್ಟೆ ನೋಡಿದ್ದೇ ಉಮ್ಮನ ಮುಖ ಬಿಳುಚಿಕೊಂಡಿತು. ಸೌದ "ಖೈರ್, ಖೈರ್, ಎಲ್ಲ ಒಳ್ಳೆಯದೇ" ಎಂದು ಅರಬಿಯಲ್ಲಿ ಹೇಳುತ್ತಲೇ ಇದ್ದಳು. ಉಮ್ಮನ ಕಿವಿಗೆ ಅದು ಎಲ್ಲಿ ಬೀಳಬೇಕು? ಅವಳನ್ನು ಸರಿಸಿ, ಯಾವ ಹೆಂಗಸೂ ಕಾಲಿಡದ, ಗಂಡಸರು ಕೂರುವ ಮಜ್ಲಿಸ್ ಕೋಣೆಗೆ ನುಗ್ಗಿದಳು.

ನೆಲದ ಮೇಲೆ ದೊಡ್ಡ ಹರಿವಾಣಗಳಲ್ಲಿ ತಿಂದುಳಿದ ಅನ್ನವಿತ್ತು. ಗುಡ್ಡದ ಗಂಡಸರು ಒತ್ತಾಗಿ ಗುಂಪುಗೂಡಿ ನಿಂತಿದ್ದರು. ಅವರ ನಡುವೆ, ಯಾರದೋ ದೊಗಳೆ ಬಿಳಿ ದಿಶ್‌ದಾಶ ಹಾಕಿಕೊಂಡು, ಕುತ್ತಿಗೆಯ ನರ ಉಬ್ಬಿಸಿ ಬಾಯಿ ತೆರೆದು ಅಬ್ಬರಿಸುತ್ತಿದ್ದವರು ಬಾಪ! ಉಮ್ಮನನ್ನು ನೋಡಿ ತೆರೆದ ಬಾಯಿ ಹಾಗೆಯೇ ನಿಂತಿತು.

ನಾನು ಹೋಗಿ ಅವರ ಕಾಲು ತಬ್ಬಿಕೊಂಡೆ. ಎಷ್ಟು ಹಗುರವಾಯಿತೆಂದರೆ ನನಗೆ ಅಳುವಿನ ಬದಲು ನಗು ಬಂತು. ಉಮ್ಮ ಮಾತ್ರ ಬಾಗಿಲಲ್ಲೇ ನಿಂತಿದ್ದಳು.

"ನಾನು ಅಲ್ಲಿ ಸಾಯ್ತಾ ಇದ್ದೇನೆ, ನೀವು ಇಲ್ಲಿ ಅನ್ನ ತಿಂದು ಬೊಬ್ಬೆ ಹೊಡೀತೀರಾ ಮಾರಾಯ್ರೆ?"

ಪಾಪದ ಅಲಿ, ತಪ್ಪು ತನ್ನದೆಂಬಂತೆ ಮುಂದೆ ಬಂದು ಹಿಂದಿ, ಅರಬಿ ಬೆರೆಸಿ ವಿವರಿಸಿದ. ವಾದಿಯ ಆಚೆ ಪಿಕಪ್ ಬಿಟ್ಟು ಕೂತಿದ್ದ ಬಾಪನನ್ನು ಗುಡ್ಡದವರೇ ನೀರನ್ನು ಬಳಸಿ ಬರುವ ಆಡು ಮೇಯುವ ದಾರಿಯಲ್ಲಿ ಇಳಿಸಿಕೊಂಡು ಬಂದಿದ್ದರು. ಹುಡುಕಲು ಹೊರಟಿದ್ದ ಅಲಿಗೆ ಅವರು ಎದುರಾದರು; ದಾರಿಯಲ್ಲಿ ಸಿಕ್ಕಿದ ಮೊದಲ ಮನೆಯೂ ಅವನದೇ. ಒಣ ಬಟ್ಟೆ ಕೊಡದೆ, ಊಟ ಹಾಕದೆ ಅತಿಥಿಗಳನ್ನು ಕಳಿಸುವ ರೂಢಿ ಅವರಲ್ಲಿಲ್ಲ. ಉಂಡವರು ಎದ್ದು ನಿಂತು ಊಟ ಹಾಕಿದ ಮನೆಯ ಮರ್ಯಾದೆಗೆ ಹೀಗೆ ಕೂಗುತ್ತಾರೆ. ಅದಕ್ಕೆ ನದ್ಬಾ ಎಂದು ಹೆಸರು. ಸುದ್ದಿ ಹೇಳಿ ಬಾ ಎಂದು ಅವನು ಸೌದಳಿಗೆ ಆಗಲೇ ಹೇಳಿದ್ದ. ಅಷ್ಟು ಜನರ ಅನ್ನ ಇಳಿಸುವವರೆಗೆ ಅವಳು ಒಲೆ ಬಿಟ್ಟು ಹೋಗುವುದಾದರೂ ಹೇಗೆ?

ಬಾಪ ತಲೆ ಕೆರೆದುಕೊಂಡರು. "ಇವರು ಕೈಹಿಡಿದು ಇಳಿಸಿದ್ದು ಐಶಾ. ಇವರೆಲ್ಲ ಎದ್ದು ನಿಂತಾಗ ನಾನೊಬ್ಬ ಕೂತಿರ್ಲಿಕ್ಕೆ ಆಗ್ತದಾ?"

ಉಮ್ಮನಿಗೆ ಆಗ ತಾನು ಎಲ್ಲಿ ನಿಂತಿದ್ದೇನೆಂದು ಹೊಳೆಯಿತು. ತಟ್ಟಂತ ತಲೆಯ ಮೇಲೆ ಸೆರಗೆಳೆದುಕೊಂಡು ಹೊರಗೆ ಓಡಿ, ಸೌದಳ ಹೆಗಲಿಗೆ ಮುಖ ಒತ್ತಿ ಜೋರಾಗಿ ಅತ್ತಳು. ಸೌದ ಒಂದು ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಇನ್ನೊಂದರಿಂದ ಅವಳ ಬೆನ್ನು ಸವರಿದಳು.

ಮನೆಗೆ ಬಂದು ಆ ತಟ್ಟೆಯ ಅನ್ನವನ್ನು ನಾವಿಬ್ಬರೂ ಬಳಿದು ತಿಂದೆವು. ಬಾಪನ ಜೊತೆ ಉಮ್ಮನ ಮಾತಿಲ್ಲ ಕತೆಯಿಲ್ಲ. ಅವರು ಗೋಡೆಗೊರಗಿ ಕೂತು, ಈ ಕೋಪ ಎಂದು ಇಳಿಯುವುದೋ ಎಂದು ಕಾಯುತ್ತಿದ್ದರು. ಅವಳು ಕೈ ತೊಳೆದು ಬಂದು ಅವರ ಎದುರು ಕೂತಳು.

"ಎಲ್ಲಿ, ಇನ್ನೊಂದು ಸಲ ಕೂಗಿ ನೋಡುವ."

"ಈಗವಾ? ನಿನಗೆಂಥ ಮರುಳಾ? ನೆರೆಯವರು ಏನು ಹೇಳ್ಯಾರು?"

"ಹೇಳಿದ್ರೆ ಹೇಳ್ಲಿ. ಆಗ ಅಷ್ಟು ಜನರಲ್ಲಿ ನಿಮ್ಮ ಸ್ವರವೂ ಇತ್ತು, ನನಗೆ ಗುರ್ತೇ ಸಿಗ್ಲಿಲ್ಲ." ಅವಳು ಇನ್ನಷ್ಟು ಹತ್ತಿರ ಸರಿದಳು. "ಒಬ್ಬರೇ ಕೂಗಿ. ನಾನು ಕೇಳ್ಬೇಕು."

ಬಾಪ ನನ್ನ ಮುಖ ನೋಡಿದರು, ಬಾಗಿಲು ಹಾಕಿದೆಯೇ ಎಂದು ನೋಡಿದರು. ಮತ್ತೆ ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಒಡೆದ ಗಂಟಲಿನಲ್ಲಿ ಕೂಗಿದರು.