ಸೀಸ ಹೊಯ್ಯದ ಪಿಸ್ತೂಲು

ಐವತ್ತರ ದಶಕದಲ್ಲಿ ನನಗೆ ಸಿಡುಬಿನ ಚುಚ್ಚುಮದ್ದು ಹಾಕುವ ಸರಕಾರಿ ಕೆಲಸ. ಮನೆ ಬಂಟ್ವಾಳದಲ್ಲಿ, ತಿರುಗಾಟ ಬೆಳ್ತಂಗಡಿ ಕಡೆಯ ಹಳ್ಳಿಗಳಲ್ಲಿ. ವೈದ್ಯ ಓದಿದವನಲ್ಲ. ಆದರೂ ಚೀಲ ಹಿಡಿದು ಅಂಗಳಕ್ಕೆ ಕಾಲಿಟ್ಟ ಕೂಡಲೇ ಜನ “ಡಾಕ್ಟ್ರು ಬಂದರು” ಎನ್ನುತ್ತಿದ್ದರು, ನಾನೂ ತಿದ್ದಲು ಹೋಗುತ್ತಿರಲಿಲ್ಲ. ಈ ಕೆಲಸದಲ್ಲಿ ಸಂಬಳಕ್ಕಿಂತ ದೊಡ್ಡ ಲಾಭ ಒಂದಿತ್ತು. ಯಾರ ಮನೆಯ ಜಗಲಿಯಲ್ಲೂ ಕುಳಿತು, ಅಟ್ಟದಲ್ಲಿ ಏನೇನುಂಟು ಎಂದು ವಿಚಾರಿಸಬಹುದಿತ್ತು. ಹಳೆಯ ಸಾಮಾನಿನ ಹುಚ್ಚು ನನ್ನದು. ಗುಟ್ಟಿನ ಬೀಗ, ಸುಣ್ಣದ ಡಬ್ಬಿ, ಹಿತ್ತಾಳೆಯ ಅಡಕತ್ತರಿ, ಹಿಡಿ ಮುರಿದ ಕತ್ತಿ, ಯಾವುದನ್ನೂ ಬಿಟ್ಟವನಲ್ಲ. “ಇನ್ನು ಸ್ವಲ್ಪ ದಿನ ಹೋದರೆ ಗುಜರಿ ಅಂಗಡಿಯ ಬೋರ್ಡು ಹಾಕುವ” ಎಂದು ಹೆಂಡತಿ ಹೇಳುತ್ತಿದ್ದಳು.

ಅಳದಂಗಡಿಯಿಂದ ಎರಡು ಮೈಲಿ ಒಳಗೆ ಒಂದು ಜೈನರ ಮನೆಯಿತ್ತು. ಒಂದು ಕಾಲದಲ್ಲಿ ದೊಡ್ಡ ಮನೆತನ. ನಾನು ಹೋಗುವ ಹೊತ್ತಿಗೆ ಉಳಿದದ್ದು ಎರಡು ಗದ್ದೆ ಮತ್ತು ಮರ್ಯಾದೆ. ಯಜಮಾನರಿಗೆ ಆಗಲೇ ಅರವತ್ತು ದಾಟಿತ್ತು. ಊರವರಂತೆ ನಾನೂ ಅವರನ್ನು ಧಣಿಗಳು ಎಂದೇ ಕರೆಯುತ್ತಿದ್ದೆ. ಮೊದಲ ಸಲ ಅವರ ತೋಳಿಗೆ ಮದ್ದು ಹಾಕಲು ಹೊರಟಾಗ ಅವರು ಕೈ ಹಿಂದೆಗೆದು ಕೇಳಿದರು.

“ಇದು ಕರುವಿನ ಮೈಯಿಂದ ತೆಗೆಯುವ ಮದ್ದಂತೆ, ಹೌದಾ? ಆ ಕರು ಸಾಯ್ತದಾ?”

ನನಗೆ ಗೊತ್ತಿರಲಿಲ್ಲ. “ಇಲ್ಲ ಧಣಿಗಳೇ, ಏನೂ ಆಗುದಿಲ್ಲ” ಎಂದೆ. ಅವರು ತಕ್ಷಣ ತೋಳು ಚಾಚಿದರು. ಅಷ್ಟು ಸುಲಭವಾಗಿ ನನ್ನನ್ನು ನಂಬಿದವರು ಅವರೊಬ್ಬರೇ ಇರಬೇಕು.

ಅದೇ ದಿನ ನನ್ನ ಹುಚ್ಚಿನ ವಿಷಯ ಕೇಳಿ ನಕ್ಕು, ಒಳಗೆ ಭತ್ತ ತುಂಬಿಡುವ ಮರದ ಪತ್ತಾಯದಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದರು. ಪಿಸ್ತೂಲು. ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ ಮದ್ದು ಹೊತ್ತಿಕೊಳ್ಳುವ ಹಳೆಯ ಕಾಲದ್ದು. ಹಿಡಿಯ ತುದಿಗೆ ಹಿತ್ತಾಳೆಯ ಟೊಪ್ಪಿ, ಕೊಳವೆಯ ಅಡಿಯಲ್ಲಿ ಮದ್ದು ತುರುಕುವ ಕಡ್ಡಿ. ಕಲ್ಲನ್ನು ಕಚ್ಚಿ ಹಿಡಿದು ಬಡಿಯುವ ಕೀಲಿಗೆ ಕುದುರೆ ಎನ್ನುತ್ತಾರೆ, ಅದರ ಬಾಯಿಯಲ್ಲಿ ಕಲ್ಲಿನ ಚೂರು ಕೂಡ ಹಾಗೆಯೇ ಇತ್ತು. ಹೆಬ್ಬೆರಳಲ್ಲಿ ಕುದುರೆಯನ್ನು ಹಿಂದಕ್ಕೆಳೆದೆ. ಟಕ್ ಎಂದು ನಿಂತಿತು. ಒಂದು ತಿರುಪು ಕೂಡ ಕಳೆದುಹೋಗಿರಲಿಲ್ಲ. ಇನ್ನೊಮ್ಮೆ ಎಳೆದು ನೋಡಿದೆ.

“ನಮ್ಮ ಮುತ್ತಜ್ಜ ಇದರಿಂದ ಒಬ್ಬನನ್ನು ಕೊಂದದ್ದುಂಟು” ಎಂದರು ಧಣಿಗಳು. “ಯಾಕೆ ಅಂತ ಗೊತ್ತಿಲ್ಲ. ಸತ್ತವನ ಹೆಸರೂ ಯಾರಿಗೂ ಗೊತ್ತಿಲ್ಲ.”

ನನಗೆ ಕೊಡಿ ಎಂದು ಅಂದೇ ಕೇಳಿದೆ. ಅವರು ಆಗುದಿಲ್ಲ ಎಂದು ತಲೆಯಾಡಿಸಿದರು. ಹಿಂಸೆಯ ಉಪಕರಣವನ್ನು ಇನ್ನೊಬ್ಬರಿಗೆ ಕೊಡುವುದು ಅವರ ಧರ್ಮದಲ್ಲಿ ನಿಷಿದ್ಧ. ಹಿಂಸಾದಾನ ಎಂದು ಅದಕ್ಕೆ ಹೆಸರೇ ಉಂಟಂತೆ. ಮಾರುವಂತಿಲ್ಲ, ಸುಮ್ಮನೆ ಕೊಡುವಂತೆಯೂ ಇಲ್ಲ. ಹೊಳೆಗೆ ಎಸೆದರೆ ಬೇಸಗೆಯಲ್ಲಿ ಯಾರಾದರೂ ಎತ್ತಿಕೊಂಡಾರು ಎಂಬ ಹೆದರಿಕೆ. ಹೀಗಾಗಿ ಮುತ್ತಜ್ಜನ ಪಾಪವನ್ನು ಅವರು ಭತ್ತದ ನಡುವೆ ಇಟ್ಟು ಕಾಯುತ್ತಿದ್ದರು.

ಆಮೇಲೆ ಎಂಟೊಂಬತ್ತು ವರ್ಷ ನಾನು ಆ ಮನೆಗೆ ಎಡತಾಕಿದೆ. ಚುಚ್ಚುಮದ್ದು ಒಂದು ನೆಪ. ಬೆಲ್ಲ, ನೀರು ಬರುತ್ತಿತ್ತು, ಹೊತ್ತು ಮುಳುಗುವ ಮೊದಲೇ ಊಟ ಬಡಿಸುತ್ತಿದ್ದರು. ಸೊಸೆ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಹುಳುವನ್ನು ಮತ್ತೆ ಬಾವಿಗೇ ಬಿಡುವುದನ್ನು ನೋಡುತ್ತ, ಇಂಥವರ ಮನೆಗೆ ಪಿಸ್ತೂಲು ಯಾಕಪ್ಪಾ, ನನ್ನಂಥವನ ಮನೆಯಲ್ಲಿರಬಾರದೇ ಎಂದು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಊಟವಾದ ಮೇಲೆ ಒಮ್ಮೆ ನೋಡುತ್ತೇನೆ ಎನ್ನುತ್ತಿದ್ದೆ. ಅವರು ತಂದು ಕೈಗೆ ಕೊಡುತ್ತಿದ್ದರು, ನೋಡಿಯಾದ ಮೇಲೆ ಒಯ್ದು ಇಡುತ್ತಿದ್ದರು. ಒಮ್ಮೆಯೂ ಬೇಸರಪಟ್ಟವರಲ್ಲ.

ಅರವತ್ತರ ದಶಕ ಶುರುವಾಗಿತ್ತು. ಒಂದು ಬೇಸಗೆ ಹೋದಾಗ ಧಣಿಗಳು ತುಂಬ ಇಳಿದುಹೋಗಿದ್ದರು. ಚಾಪೆಯ ಮೇಲೆ ಕುಳಿತೇ ಮಾತಾಡಿದರು.

“ಡಾಕ್ಟ್ರೇ, ನಮ್ಮ ಧರ್ಮದಂತೆ ನಾನು ಇದ್ದದ್ದನ್ನೆಲ್ಲ ಒಂದೊಂದೇ ಬಿಡ್ತಾ ಬಂದಿದ್ದೇನೆ. ಕಣ್ಣು ಮುಚ್ಚುವ ಮೊದಲು ಇದು ಈ ಮನೆಯಿಂದ ಹೋಗಬೇಕು. ಆಯುಧವಾಗಿ ಕೊಡ್ಲಿಕ್ಕೆ ಆಗುದಿಲ್ಲ. ಆದರೆ ಕೊಳವೆಗೆ ಸೀಸ ಹೊಯ್ದು, ಕುದುರೆ ಮುರಿದರೆ ಅದು ಬರೀ ಕಬ್ಬಿಣ. ಕಬ್ಬಿಣ ಕೊಡಬಹುದು. ನಮ್ಮ ಊರಿನ ಕಬ್ಬಿಣದ ಕೆಲಸದ ಆಚಾರಿ ಶಿಕಾರಿಯವರ ಕೋವಿ ರಿಪೇರಿ ಮಾಡುವವ, ಅವನಿಗೆ ತೋರಿಸ್ಲಿಕ್ಕೂ ನನಗೆ ಮನಸ್ಸಿಲ್ಲ. ನೀವು ನಂಬಿಕೆಯ ಒಬ್ಬರನ್ನು ಕರ್ಕೊಂಡು ಬನ್ನಿ. ನನ್ನ ಕಣ್ಣೆದುರೇ ಆಗಲಿ, ಆಮೇಲೆ ಅದು ನಿಮ್ಮದು.”

ಮೂಡಬಿದ್ರೆಯಲ್ಲಿ ನನಗೆ ಗುರುತಿನ ಆಚಾರಿಯೊಬ್ಬರಿದ್ದರು. ನನ್ನ ಬೀಗಗಳನ್ನು ಸರಿಮಾಡಿಕೊಡುತ್ತಿದ್ದವರು. ಕರೆತರುತ್ತೇನೆ ಎಂದು ಧಣಿಗಳಿಗೆ ಮಾತು ಕೊಟ್ಟೆ. ಆಚಾರಿಯವರಿಗೂ ಹೇಳಿದೆ. “ಅದೆಂಥ ದೊಡ್ಡ ಕೆಲಸ ಮಾರಾಯ್ರೆ, ಅರ್ಧ ಗಂಟೆ. ಯಾವಾಗ ಹೋಗುವ?” ಎಂದು ಅವರು ಅಂದೇ ತಯಾರಾದರು.

ತಯಾರಾಗದವನು ನಾನು. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಟಕ್ ಎನ್ನುವ ಸದ್ದೇ ಕಿವಿಯಲ್ಲಿತ್ತು. ನೂರೈವತ್ತು ವರ್ಷ ಒಂದು ಗೀರೂ ಬೀಳದೆ ಉಳಿದ ಸಾಮಾನು, ಅದನ್ನು ನನ್ನ ಕೈಯಾರೆ ಹಾಳುಮಾಡಿಸಿ ಮನೆಗೆ ತರುವುದೇ? ಹಾಗಾದರೆ ನನಗೆ ಬೇಡ ಎಂದು ಹೇಳಿಬಿಟ್ಟಿದ್ದರೆ ಅವರು ಬೇರೆ ಯಾರನ್ನಾದರೂ ಹುಡುಕಿಕೊಳ್ಳುತ್ತಿದ್ದರು. ಅದನ್ನೂ ಹೇಳಲಿಲ್ಲ. ಮನಸ್ಸಿನ ಮೂಲೆಯಲ್ಲಿ ಇನ್ನೊಂದು ಲೆಕ್ಕಾಚಾರ ನಡೆದಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಧಣಿಗಳು ಇನ್ನೆಷ್ಟು ಕಾಲ ಇದ್ದಾರು, ಅವರ ಮಗನಿಗೆ ಈ ವ್ರತ, ನಿಯಮ ಯಾವುದೂ ಇಲ್ಲವಲ್ಲ ಎಂದು ನಾನು ಯೋಚಿಸಿದ್ದೆ.

ಮುಂದಿನ ಸಲ ಒಬ್ಬನೇ ಹೋದೆ. ಆಚಾರಿಯೆಲ್ಲಿ ಎಂದು ಧಣಿಗಳು ನನ್ನ ಬೆನ್ನ ಹಿಂದೆ ಹಣಕಿದರು. ನನ್ನ ಬಾಯಿಗೆ ಬಂದದ್ದು ಜ್ವರ. “ಅವರಿಗೆ ಜ್ವರ ಧಣಿಗಳೇ, ಹಾಸಿಗೆ ಹಿಡಿದಿದ್ದಾರೆ.” ಅಯ್ಯೋ ಪಾಪ ಎಂದರು. ಅದರ ನಂತರದ ಸಲ ಜ್ವರ ಮರುಕಳಿಸಿತು ಎಂದೆ. ಮಳೆಗಾಲ ಬಂದಾಗ ನಿಶ್ಶಕ್ತಿ, ಈ ಮಳೆಯಲ್ಲಿ ಅಷ್ಟು ದೂರ ನಡೆಸುವುದು ಹೇಗೆ ಎಂದೆ. “ಬೇಡ ಬೇಡ, ಪಾಪದವರಿಗೆ ತೊಂದರೆ ಕೊಡಬೇಡಿ. ಗುಣ ಆಗಲಿ” ಎಂದರು. ಆಮೇಲೆ ಆ ದಿಕ್ಕಿಗೆ ಹೋಗುವುದನ್ನೇ ಬಿಟ್ಟೆ. ಅಳದಂಗಡಿಯ ಸರದಿ ಬಂದರೆ ಬೇರೆ ಹಳ್ಳಿ ಕೇಳಿ ಪಡೆಯುತ್ತಿದ್ದೆ.

ದೀಪಾವಳಿ ಕಳೆದು ಒಂದು ತಿಂಗಳಾದ ಮೇಲೆ, ತಪ್ಪಿಸಿಕೊಳ್ಳಲು ಆಗದೆ ಹೋದೆ. ಜಗಲಿಯಲ್ಲಿ ಚಾಪೆ ಇರಲಿಲ್ಲ. ಧಣಿಗಳು ತೀರಿಕೊಂಡು ಹದಿನೆಂಟು ದಿನವಾಗಿತ್ತು. ನನ್ನಷ್ಟೇ ವಯಸ್ಸಿನ ಮಗ ಎದ್ದು ಬಂದು ನನ್ನ ಚೀಲ ತೆಗೆದಿಟ್ಟು, ಕುಳ್ಳಿರಿಸಿ, ಬೆಲ್ಲ ತರಿಸಿದರು.

“ವೀಳ್ಯ ಬಿಟ್ಟರು, ಹಾಲು ಬಿಟ್ಟರು, ಕೊನೆಗೆ ಕನ್ನಡಕ ಕೂಡ ತೆಗೆದುಕೊಟ್ಟರು” ಎಂದರು ಮಗ. “ಎಲ್ಲ ಬಿಟ್ಟಾಯ್ತು, ಇದೊಂದು ಬಾಕಿ ಉಂಟು ಅಂತ ಹೇಳ್ತಿದ್ದರು. ಕೊನೆಯ ದಿನವೂ ಕೇಳಿದರು, ಪತ್ತಾಯದಲ್ಲಿ ಅದು ಉಂಟಾ ಅಂತ. ಉಂಟು ಅಂದೆ. ಇಲ್ಲ ಅಂತ ಒಂದು ಸುಳ್ಳು ಹೇಳಿದ್ದರೆ ಅವರಿಗೆ ಸಮಾಧಾನ ಆಗ್ತಿತ್ತೋ ಏನೋ. ಆದರೆ ನಮ್ಮ ಮನೆಯಲ್ಲಿ ಅದು ಅಭ್ಯಾಸ ಇಲ್ಲ.”

ಕೈಯಲ್ಲಿದ್ದ ಬೆಲ್ಲದ ಚೂರನ್ನು ತಟ್ಟೆಗೇ ಹಿಂದಿಟ್ಟೆ. ಅವರು ಒಳಗೆ ಹೋಗಿ ಆ ಗಂಟು ತಂದು ನನ್ನ ಮುಂದಿಟ್ಟರು.

“ನಿಮಗೇ ಅಂತ ಅಪ್ಪ ಹೇಳಿದ್ದಾರೆ. ಸೀಸ ನೀವು ಹೊಯ್ಯಿಸ್ತೀರಿ, ನನಗೆ ಗೊತ್ತುಂಟು. ಅಪ್ಪನಿಗೆ ನಿಮ್ಮ ಮೇಲೆ ಅಷ್ಟು ನಂಬಿಕೆ.” ಮತ್ತೆ ಏನೋ ನೆನಪಾಗಿ ಎದ್ದು ಹೋಗಿ ಒಂದು ಸಣ್ಣ ಪೊಟ್ಟಣ ತಂದರು. “ಇದು ಆಚಾರಿಯವರಿಗೆ. ಕಷಾಯದ ಪುಡಿ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಒಳ್ಳೇದು ಅಂತ ಅಪ್ಪ ಹೇಳಿ ಕುಟ್ಟಿಸಿದ್ದು. ನೀವು ಬರುವಾಗ ಮರೆಯದೆ ಕೊಡು ಅಂತ ನಾಲ್ಕು ಸಲ ಹೇಳಿದ್ದರು. ಈಗ ಹೇಗಿದ್ದಾರೆ ಅವರು?”

“ಅಡ್ಡಿಯಿಲ್ಲ” ಎಂದೆ.

ಹತ್ತು ವರ್ಷ ಆಸೆಪಟ್ಟದ್ದು ಚೀಲದಲ್ಲಿತ್ತು. ದಾರಿಯಲ್ಲಿ ಒಮ್ಮೆಯೂ ತೆರೆದು ನೋಡಲಿಲ್ಲ. ನನ್ನ ಬಗ್ಗೆ ನನಗೇ ಅಸಹ್ಯ ಬಂದಿತ್ತು. ಬಂಟ್ವಾಳಕ್ಕೆ ಹೋಗುವ ಬಸ್ಸು ಬಿಟ್ಟು ನೇರ ಮೂಡಬಿದ್ರೆಗೆ ಹೋದೆ. ಅದರ ಲೈಸೆನ್ಸಿಗಾಗಿ ಆಮೇಲೆ ತಾಲೂಕು ಕಚೇರಿಗೆ ಅಲೆದ ಕಥೆ ಬೇರೆ, ಅಂದು ನನ್ನ ತಲೆಯಲ್ಲಿದ್ದದ್ದು ಸೀಸ ಒಂದೇ.

ಆಚಾರಿಯವರು ತಿದಿ ಒತ್ತಿದರು. ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿತು. ಪಿಸ್ತೂಲನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು, ಕುದುರೆ ಎಳೆದರು. ಟಕ್ ಎಂದಿತು.

“ಎಂಥ ಕೆಲಸ ಮಾರಾಯ್ರೆ ಇದು! ಹೊಯ್ದ ಮೇಲೆ ತೆಗೀಲಿಕ್ಕೆ ಆಗುದಿಲ್ಲ. ಸರಿಯಾಗಿ ಆಲೋಚಿಸಿ.”

ನಾನು ಆಲೋಚಿಸಿದೆ. ಸೌಟಿನ ಮೇಲೆ ಸೀಸದ ಕೆನೆ ಕಟ್ಟುತ್ತ ಬಂತು. ನನ್ನ ಬಾಯಿಂದ ಹೊರಟ ಮಾತು, “ಇವತ್ತು ಬೇಡ.”

ಅವರಿಗೆ ಸಂತೋಷವೇ ಆಯಿತು. ಪಿಸ್ತೂಲನ್ನು ಒರೆಸಿ ಮತ್ತೆ ಬಟ್ಟೆಯಲ್ಲಿ ಸುತ್ತಿಕೊಟ್ಟರು. ಅದು ಇಂದಿಗೂ ನನ್ನ ಕಪಾಟಿನಲ್ಲಿದೆ, ಒಂದು ತಿರುಪೂ ಕಡಿಮೆಯಿಲ್ಲದೆ. ಎದ್ದು ಹೊರಡುವಾಗ ಪೊಟ್ಟಣವನ್ನು ಆಚಾರಿಯವರ ಕೈಗಿಟ್ಟೆ.

“ಇದೆಂಥದು?”

“ಕಷಾಯದ ಪುಡಿ. ಜ್ವರಕ್ಕೆ.”

“ನನಗೆ ಎಂಥ ಜ್ವರ?” ಎಂದು ನಕ್ಕು, ಬಿಚ್ಚಿ ಮೂಸಿದರು. “ಒಳ್ಳೆ ಪುಡಿ. ಮನೆಯಲ್ಲೇ ಕುಟ್ಟಿದ್ದು. ಯಾರು ಕೊಟ್ಟದ್ದು?”

“ಅಳದಂಗಡಿ ಹತ್ತಿರದ ಧಣಿಗಳು.”

“ಹೌದಾ? ಗುರುತಿಲ್ಲದವರು ಇಷ್ಟು ನೆನಪು ಮಾಡಿದರಲ್ಲ. ಮುಂದಿನ ಸಲ ಹೋದಾಗ ನನ್ನ ನಮಸ್ಕಾರ ಹೇಳಿ.”

“ಹೇಳ್ತೇನೆ” ಎಂದೆ.