ಶಾದ್ಲಿಯ ನೇರಳೆ ದೀಪ

ಟ್ಯೂನಿಸ್ ಬಂದರಿನ ಪಾಸ್‌ಪೋರ್ಟ್ ಅಧಿಕಾರಿ ಶಾದ್ಲಿ ನಂಬುವುದು ತನ್ನ ನೇರಳೆ ದೀಪವೊಂದನ್ನೇ. ಅದರಡಿ ಹೊರದೇಶಕ್ಕೆ ಹೊರಟವರ ವೀಸಾದ ಗುಪ್ತ ಶಾಯಿ ಹೊಳೆದರೆ ಅಸಲಿ, ಇಲ್ಲದಿದ್ದರೆ ನಕಲಿ. ಯಾರು ಅತ್ತರೂ ಕರಗುವ ಆಸಾಮಿಯಲ್ಲ. ಮನೆಯಲ್ಲಿ ಆಲಿವ್ ಎಣ್ಣೆ ಬಾಟಲಿಯ ಚೀಟಿಗೂ ದೀಪ ಹಿಡಿಯುತ್ತಿದ್ದ. "ನನಗೂ ಒಂದ್ಸಲ ಹಿಡಿದು ನೋಡ್ಬಿಡಿ, ಮೂವತ್ತು ವರ್ಷದಿಂದ ಯಾರ ಜೊತೆ ಸಂಸಾರ ಮಾಡ್ತಿದ್ದೀರೋ ಗೊತ್ತಾಗ್ಲಿ!" ಎಂದು ಹೆಂಡತಿ ಮುಫೀದಾ ಛೇಡಿಸುತ್ತಿದ್ದಳು. ಈಗ ಅವಳು ಛೇಡಿಸುವುದಿಲ್ಲ. ಅವನಿಗೂ ಹೊಸ ಅಭ್ಯಾಸವೊಂದು ಅಂಟಿಕೊಂಡಿದೆ: ನಕಲಿ ವೀಸಾದವರನ್ನು ತಿರುಗಿ ಕಳಿಸುವಾಗ ಕೈ ಹಿಡಿದುಕೊಂಡು, "ಮನೆಗೇ ಹೋಗಪ್ಪಾ, ಕಳ್ಳದೋಣಿ ಮಾತ್ರ ಹತ್ಬೇಡ" ಎಂದು ಗೋಗರೆಯುತ್ತಾನೆ. ಹೋದ ವರ್ಷ ಸ್ವಂತ ಮಗ ಸಬ್ರಿಯೇ, ಅಪ್ಪನಲ್ಲವೇ ಬಿಟ್ಟಾನೆಂದು ನಂಬಿ, ಅಂಥ ವೀಸಾ ಹಿಡಿದು ಇದೇ ಕಿಟಕಿಗೆ ಬಂದಿದ್ದ. ಆ ವಾರವೇ ದೋಣಿ ಹತ್ತಿ ಸಮುದ್ರದ ಪಾಲಾದ. ಅವನಿಗೆ ಶಾದ್ಲಿ ಅಂದು ಹೇಳಿದ್ದು "ಮುಂದಿನವರು ಬನ್ನಿ" ಎಂದಷ್ಟೇ.